ಅಷ್ಟೇನಾ ಸಾಹೇಬರ ಹೊದಿಕೆ

ನಮ್ಮ ಕೆಳಗಿನ ಮನೆಯ ಹೆಡ್‌ಕ್ಲರ್ಕರು ಒಮ್ಮೆ ಸಮುದ್ರ ನೋಡಲು ಹೋಗಿದ್ದರು. ದಡದಲ್ಲಿ ನಿಂತು, ಹಣೆಗೆ ಕೈ ಅಡ್ಡ ಹಿಡಿದು, ಆ ಕೊನೆಯಿಂದ ಈ ಕೊನೆಯವರೆಗೆ ಕಣ್ಣಾಡಿಸಿ, "ಅಷ್ಟೇನಾ?" ಎಂದರಂತೆ. ಪಕ್ಕದಲ್ಲಿದ್ದ ಅವರ ಹೆಂಡತಿಗೆ ಸಮುದ್ರದ ಮುಂದೆ ತಲೆ ಎತ್ತುವುದಕ್ಕೇ ನಾಚಿಕೆಯಾಯಿತಂತೆ. ನೀರು ಸರಬರಾಜು ಕಚೇರಿಯಲ್ಲೇ ನಿವೃತ್ತರಾದವರು ನೀರು ಕಂಡು ಬೆರಗಾಗದಿರುವುದು ಸಹಜ ಎಂದು ನಾನು ಸಮಾಧಾನ ಹೇಳಿದೆ. ಆದರೆ ಅವರು ಬೆರಗಾಗದೆ ಬಿಟ್ಟದ್ದು ನೀರಿಗೊಂದಕ್ಕೇ ಅಲ್ಲ. ಹೊಸ ಸೇತುವೆ, ಹೊಸ ಅಳಿಯ, ಸೂರ್ಯಗ್ರಹಣ, ಹಿಂದಿನ ಬೀದಿಯ ಹುಡುಗಿ ಗೆದ್ದುಕೊಂಡು ಬಂದ ಚಿನ್ನದ ಪದಕ, ಎಲ್ಲಕ್ಕೂ ಅದೇ ಒಂದು ಮಾತು. ಹೀಗಾಗಿ ಇಡೀ ಕಟ್ಟಡ ಸೇರಿ ಅವರಿಗೆ 'ಅಷ್ಟೇನಾ ಸಾಹೇಬರು' ಎಂಬ ಬಿರುದು ಕೊಟ್ಟಿತು. ಬಿರುದಿನ ಸುದ್ದಿ ಕಿವಿಗೆ ಬಿದ್ದಾಗ ಸಾಹೇಬರು ಏನೆಂದರು ಎಂಬುದನ್ನು ಬಾಯಿಬಿಟ್ಟು ಹೇಳಬೇಕಾಗಿಲ್ಲ.

ಅವರ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತೇನೆ. ಅಕ್ಕನ ಕೈಯಲ್ಲಿ ಎರಡು ಕಡ್ಡಿ, ಮಡಿಲಲ್ಲಿ ಉಲ್ಲನ್ ಉಂಡೆ ಇಲ್ಲದ್ದನ್ನು ನಾನು ಕಂಡವನಲ್ಲ. ಒಂದು ಕಣ್ಣು ಒಲೆಯ ಮೇಲಿನ ಹಾಲಿನ ಮೇಲೆ, ಇನ್ನೊಂದು ಟೀವಿಯ ಮೇಲೆ, ಬಾಯಲ್ಲಿ ನೆರೆಹೊರೆಯ ಸಮಾಚಾರ. ಕೈ ಮಾತ್ರ ತನ್ನ ಪಾಡಿಗೆ ತಾನು ಹೆಣೆಯುತ್ತಿರುತ್ತಿತ್ತು. ಕಟ್ಟಡದಲ್ಲಿ ಅವರ ಸ್ವೆಟರ್ ಏರದ ಮೈಯೇ ಇರಲಿಲ್ಲ. ನನ್ನದೂ ಅವರ ಕೃಪೆಯೇ. ನಮ್ಮ ಮನೆಯಲ್ಲಿ ಗುಂಡಿ ಕಿತ್ತುಹೋದರೆ ನನಗೂ ಹಾಕಲು ಬರದು, ನನ್ನ ಹೆಂಡತಿಗೂ ಬರದು, ಪಿನ್ನೇ ಗತಿ.

ಆ ವರ್ಷ ಚಳಿ ಕಾಲಿಡುವ ಹೊತ್ತಿಗೆ ಅಕ್ಕನ ಬೆರಳಿನ ಗಿಣ್ಣುಗಳು ಊದಿಕೊಂಡವು. ಡಾಕ್ಟರು ಕಡ್ಡಿ ಮುಟ್ಟಕೂಡದು ಎಂದುಬಿಟ್ಟರು. ಅದೂ ಯಾವಾಗ? ಮಗಳು ಐದು ತಿಂಗಳ ಬಸುರಿಯಾಗಿದ್ದಾಗ. ಆ ಮನೆಯ ಮಕ್ಕಳು ಆಸ್ಪತ್ರೆಯಿಂದ ಮನೆಗೆ ಬರುವುದು ಅಕ್ಕ ಹೆಣೆದ ಹೊದಿಕೆಯಲ್ಲೇ. ಮಗಳು ಬಂದದ್ದು ಹಾಗೆ, ಅಣ್ಣತಮ್ಮಂದಿರ ಮಕ್ಕಳೆಲ್ಲ ಬಂದದ್ದೂ ಹಾಗೆ. ಈಗ ಸ್ವಂತ ಮೊಮ್ಮಗುವಿಗೇ ಇಲ್ಲ. ನಾನು ಪೇಪರ್ ವಾಪಸ್ ಕೊಡಲು ಕೆಳಗಿಳಿದಾಗ ಅಕ್ಕ ಉಲ್ಲನ್ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಬಿಕ್ಕುತ್ತಿದ್ದರು.

ಸಾಹೇಬರು ಕನ್ನಡಕದ ಮೇಲಿಂದ ನೋಡಿದರು. "ಅಳೋದಕ್ಕೇನಿದೆ ಇದರಲ್ಲಿ? ಎರಡು ಕಡ್ಡಿ, ಒಂದು ದಾರ. ಅಷ್ಟೇನಾ? ನಾನೇ ಹೆಣೀತೀನಿ ಬಿಡು."

ಅಕ್ಕನ ಅಳು ಗಕ್ಕನೆ ನಿಂತಿತು. ನಿಂತದ್ದು ಸಮಾಧಾನದಿಂದಲ್ಲ. ಸಮುದ್ರಕ್ಕೆ, ಸೇತುವೆಗೆ, ಸೂರ್ಯನಿಗೆ ಅಂದದ್ದನ್ನೆಲ್ಲ ಆಕೆ ಇಷ್ಟು ವರ್ಷ ಸಹಿಸಿಕೊಂಡಿದ್ದರು. ಅವರ ಕೈಕೆಲಸಕ್ಕೆ ಆ ಮಾತು ಬಂದದ್ದು ಇದೇ ಮೊದಲು.

"ನೀವು ಹೆಣೀತೀರಾ?"

"ಮತ್ತೆ? ಹೇಗೇಂತ ತೋರಿಸು."

ಅಕ್ಕ ನೋವು ನುಂಗಿಕೊಂಡು ತೋರಿಸಿದರು. ಕಡ್ಡಿಯ ಮೇಲೆ ಕುಣಿಕೆಗಳನ್ನು ಹಾಕಿಕೊಳ್ಳುವುದು ಹೀಗೆ, ಈ ಕಡ್ಡಿಯ ಕುಣಿಕೆಯೊಳಗಿಂದ ದಾರ ಎಳೆದು ಆ ಕಡ್ಡಿಗೆ ಏರಿಸುವುದು ಹೀಗೆ, ಸಾಲು ಮುಗಿದರೆ ತಿರುಗಿಸಿ ಹಿಡಿದು ಮತ್ತೆ ಅದನ್ನೇ ಮಾಡುವುದು. "ಆಮೇಲೆ ಕೊನೇಲಿ..." ಎಂದು ಆಕೆ ಶುರುಮಾಡುವಷ್ಟರಲ್ಲಿ ಸಾಹೇಬರು ಕಡ್ಡಿ ಕಸಿದುಕೊಂಡರು.

"ಗೊತ್ತಾಯ್ತು, ಗೊತ್ತಾಯ್ತು. ನೋಡು, ಇನ್ನು ನಾನು ಇದನ್ನ ಮುಗಿಸೋ ತನಕ ನೀನು ಇದರಲ್ಲಿ ಬಾಯಿ ಹಾಕಕೂಡದು. ಸರಿ ಅನ್ನೋದೂ ಬೇಡ, ತಪ್ಪು ಅನ್ನೋದೂ ಬೇಡ. ಮಾತು ಕೊಡು."

"ಮುಗಿಸೋ ತನಕ ತಾನೇ?"

"ಮುಗಿಸೋ ತನಕ."

"ಕೊಟ್ಟೆ. ಇವರೇ ಸಾಕ್ಷಿ" ಎಂದು ಅಕ್ಕ ನನ್ನ ಕಡೆ ತೋರಿಸಿದರು. ಆಕೆಯ ಮುಖದಲ್ಲಿ ಒಂದು ಸಣ್ಣ ನಗು ಸುಳಿದದ್ದನ್ನು ನಾನು ಕಂಡೆ. ಅದರ ಅರ್ಥ ಆವತ್ತು ನನ್ನ ತಲೆಗೆ ಹೊಳೆಯಲಿಲ್ಲ.

ಮೊದಲ ಕೆಲವು ದಿನ ಕೆಳಮನೆಯಿಂದ ಕೇಳಿಬಂದ ಸದ್ದುಗಳು ಹೆಣಿಗೆಯವಲ್ಲ, ಕುಸ್ತಿಯವು. ಕಡ್ಡಿ ಜಾರಿ ಬೀಳುತ್ತಿತ್ತು, ಉಂಡೆ ಉರುಳಿ ಮಂಚದಡಿ ಸೇರುತ್ತಿತ್ತು, ಸಾಹೇಬರು ಅದರ ಹಿಂದೆ ಮಂಚದಡಿ ಸೇರುತ್ತಿದ್ದರು. ಒಮ್ಮೆ ಅವರ ಅಂಗಿಯ ಗುಂಡಿಯೇ ಹೆಣಿಗೆಯೊಳಗೆ ಸೇರಿಹೋಗಿ, ಸ್ನಾನಕ್ಕೆ ಹೊರಟವರು ಹೊದಿಕೆ ಸಮೇತ ಹೋಗಬೇಕಾಯಿತು. ಅಕ್ಕ ತುಟಿ ಎರಡು ಮಾಡಲಿಲ್ಲ. ಬೇಕಾದರೆ ಹೂಕೋಸಿನ ವಿಷಯ ಮಾತಾಡಿದರು, ಹವಾಮಾನದ ವಿಷಯ ಮಾತಾಡಿದರು. ಹೆಣಿಗೆಯ ಮಾತು ಬಂದರೆ ಕಿಟಕಿಯಾಚೆ ನೋಡುತ್ತಿದ್ದರು.

ಆದರೆ ನಾನು ಇದ್ದದ್ದನ್ನು ಇದ್ದಂತೆ ಹೇಳಬೇಕು. ಕೆಲವು ವಾರ ಕಳೆಯುವಷ್ಟರಲ್ಲಿ ಸಾಹೇಬರಿಗೆ ಕೈ ಕುದುರಿತು. ಕಿಟಕಿಯ ಪಕ್ಕದ ಕುರ್ಚಿ, ಬೆಳಗಿನ ಬಿಸಿಲು, ನಾಲಿಗೆಯ ತುದಿ ಹಲ್ಲಿನ ನಡುವೆ, ಕಡ್ಡಿಗಳ ಚಿಟಿಚಿಟಿ ಸದ್ದು. ನಿವೃತ್ತಿಯಾದ ಮೇಲೆ ಮೊದಲ ಸಲ ಅವರು ಯಾರನ್ನೂ ತಿದ್ದದೆ ಒಂದಿಡೀ ಬೆಳಗ್ಗೆ ಕಳೆದರು. "ಒಂದು ಸಾಲು ಹೆಣೆದೆ ಅಂದ್ರೆ ಒಂದು ಸಾಲು ಇರುತ್ತೆ ಕಣ್ರೀ" ಎಂದು ನನಗೆ ಗುಟ್ಟು ಹೇಳುವವರಂತೆ ಹೇಳಿದರು. "ಆಫೀಸಲ್ಲಿ ಹಾಗಲ್ಲ. ಎಷ್ಟು ಮಾಡಿದ್ರೂ ಮಾಡಿದ್ದು ಕಾಣ್ತಾನೇ ಇರ್ಲಿಲ್ಲ." ಒಂದು ಮಧ್ಯಾಹ್ನ ಅವರು ಬೀರು ತೆಗೆದು ಅಕ್ಕನ ಹಳೆಯ ಸ್ವೆಟರುಗಳನ್ನೆಲ್ಲ ಹಾಸಿಗೆಯ ಮೇಲೆ ಹರಡಿಕೊಂಡು ಕೂತದ್ದನ್ನೂ ಕಂಡೆ. ಒಂದೊಂದನ್ನೇ ಬೆಳಕಿಗೆ ಹಿಡಿದು, ತಿರುಗಿಸಿ, ಮತ್ತೆ ತಿರುಗಿಸಿ ನೋಡುತ್ತಿದ್ದರು. "ಇದನ್ನ ಅವಳು ಟೀವಿ ನೋಡ್ತಾ ಹೆಣೆದಿದ್ದು" ಎಂದರು. ಆಮೇಲೆ ಇನ್ನೊಂದನ್ನು ಎತ್ತಿ ಬೆಳಕಿಗೆ ಹಿಡಿದರು.

ಅವರು ಸ್ವೆಟರು ನೋಡುತ್ತಿದ್ದದ್ದಕ್ಕೆ ಭಕ್ತಿಯೊಂದೇ ಕಾರಣವಲ್ಲ ಎಂಬುದು ಮರುದಿನ ತಿಳಿಯಿತು. ಸಾಹೇಬರು ಮೇಲೆ ಬಂದು, ಬಾಗಿಲು ಹಾಕಿಕೊಂಡು, ನನ್ನ ಸ್ವೆಟರಿನ ಅಂಚನ್ನು ಭೂತಗನ್ನಡಿ ಹಿಡಿದು ಪರೀಕ್ಷಿಸತೊಡಗಿದರು. ಹೊಟ್ಟೆಯ ಮಟ್ಟಕ್ಕೆ ಬಗ್ಗಿದ ಹಿರಿಯರನ್ನು ನೋಡಿ ನನಗೆ ಮುಜುಗರವಾಯಿತು.

"ಏನ್ ಸಾರ್ ಇದು?"

"ಯಾರಿಗೂ ಹೇಳ್ಬೇಡಿ" ಎಂದರು ಸಾಹೇಬರು. "ಹೊದಿಕೆ ಉದ್ದ ಸಾಕಷ್ಟಾಗಿದೆ. ಆದ್ರೆ ಮುಗಿಸೋದು ಹೇಗೇಂತ ಗೊತ್ತಿಲ್ಲ."

ನಾನು ಬೆಪ್ಪಾದೆ. "ಕಡ್ಡಿ ಎಳ್ಕೊಂಡ್ರೆ ಆಯ್ತಲ್ಲ?"

"ಎಳೆದು ನೋಡಿದೆ ಮಾರಾಯ್ರೆ! ಕುಣಿಕೆಗಳೆಲ್ಲ ಬಾಯಿ ಬಿಟ್ಕೊಂಡು ನಿಂತ್ವು. ಒಂದು ದಾರ ಸೋಕಿದ್ದೇ ತಡ, ಸರ್ರನೆ ಒಂದು ಸಾಲು ಮಾಯ! ಇನ್ನೊಂದು ಚೂರು ಎಳೆದಿದ್ರೆ ಇಡೀ ಹೊದಿಕೆ ಮತ್ತೆ ಉಂಡೆ ಆಗ್ತಿತ್ತು. ಅವನ್ನೆಲ್ಲ ಕಡ್ಡಿಗೆ ವಾಪಸ್ ಏರಿಸೋವಷ್ಟರಲ್ಲಿ ನನ್ನ ಜೀವ ಬಾಯಿಗೆ ಬಂತು."

"ಅಕ್ಕನ್ನ ಕೇಳಿ."

ಸಾಹೇಬರು ನನ್ನನ್ನು ನೋಡಿದ ನೋಟ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ? 'ಅಷ್ಟೇನಾ' ಎಂದ ಬಾಯಲ್ಲಿ 'ಬರಲ್ಲ' ಎಂದು ಹೇಗೆ ಹೇಳುವುದು? ಅಕ್ಕನೋ, ಮುಗಿಸುವ ತನಕ ಮಾತಾಡುವ ಹಾಗಿಲ್ಲ. ಸಾಹೇಬರೋ, ಅಕ್ಕ ಮಾತಾಡುವ ತನಕ ಮುಗಿಸುವ ಹಾಗಿಲ್ಲ. ನಾನು ಆಗ ಅಕ್ಕನ ಆ ಸಣ್ಣ ನಗುವಿನ ಆಳ ಕಂಡು ನಡುಗಿಹೋದೆ.

ಫೋನಿನಲ್ಲಿ ವೀಡಿಯೊ ಹುಡುಕಿದೆವು. ಒಬ್ಬಾಕೆ ಬಹಳ ಚೆನ್ನಾಗಿ ಹೇಳಿಕೊಡುತ್ತಿದ್ದಳು. ಎಲ್ಲ ತೋರಿಸಿ, ಕೊನೆಯಲ್ಲಿ ಕೈ ಬೀಸಿ, "ಮುಗಿಸೋದನ್ನ ಮುಂದಿನ ಭಾಗದಲ್ಲಿ ನೋಡೋಣ" ಎಂದಳು. ಮುಂದಿನ ಭಾಗ ಬಂದೇ ಇರಲಿಲ್ಲ. ಇನ್ನೊಂದರಲ್ಲಿ ಕೈಗಳು ಎಷ್ಟು ವೇಗವಾಗಿ ಓಡಿದವೆಂದರೆ ಸಾಹೇಬರಿಗೆ ತಲೆ ಸುತ್ತು ಬಂತು. ಉಲ್ಲನ್ ಅಂಗಡಿಯವನನ್ನು ಬಳಸುದಾರಿಯಲ್ಲಿ ಕೇಳಿದರು: "ಮುಗಿಸೋ ವಿಧಾನಗಳ ಬಗ್ಗೆ ನಿಮ್ಮ ಅಭಿಪ್ರಾಯ ಏನು?" ಅವನು ಗಾಬರಿಯಿಂದ, "ಯಾಕ್ ಸಾರ್ ಮುಗಿಸೋದು? ಇನ್ನೂ ಎಷ್ಟು ಬೇಕಾದ್ರೂ ಉಲ್ಲನ್ ತರಿಸಿಕೊಡ್ತೀನಿ" ಎಂದ. ಹೆಣಿಗೆ ಬಲ್ಲ ಎದುರುಮನೆಯ ಟೈಪಿಸ್ಟಮ್ಮನನ್ನು ಅದೇ ಪ್ರಶ್ನೆ ಕೇಳಿದ್ದಕ್ಕೆ ಆಕೆ ಕೆನ್ನೆ ಕೆಂಪಗೆ ಮಾಡಿಕೊಂಡು, "ನನ್ನ ಪರೀಕ್ಷೆ ಮಾಡ್ತೀರಾ ಸಾರ್? ನಿಮ್ಮ ಮುಂದೆ ನಾನೆಷ್ಟರವಳು?" ಎಂದು ಒಳಗೆ ಓಡಿದರು.

ಹೀಗಾಗಿ ಸಾಹೇಬರಿಗೆ ಉಳಿದದ್ದು ಒಂದೇ ದಾರಿ. ಯೋಚಿಸುತ್ತ ಹೆಣೆಯುವುದು, ಹೆಣೆಯುತ್ತ ಯೋಚಿಸುವುದು. ಕೈಗೆ ರುಚಿ ಹತ್ತಿದ್ದರಿಂದ ಅದು ಕಷ್ಟವೂ ಆಗಲಿಲ್ಲ. ಹೊದಿಕೆ ಕುರ್ಚಿಯಿಂದ ಇಳಿಯಿತು, ಹಜಾರ ದಾಟಿತು, ಅಡುಗೆಮನೆಯೊಳಗೆ ಇಣುಕಿ ವಾಪಸು ಬಂತು. ನೀಲಿ ಮುಗಿದು ಹಸಿರಾಯಿತು, ಹಸಿರು ಮುಗಿದು ಹಳದಿಯಾಯಿತು. ಹೋದಲ್ಲಿ ಬಂದಲ್ಲಿ ಸಾಹೇಬರು ಜನರ ಸ್ವೆಟರಿನ ಅಂಚು, ಟೋಪಿಯ ಅಂಚು, ಕಾಲುಚೀಲದ ಅಂಚನ್ನು ಬಗ್ಗಿ ಬಗ್ಗಿ ನೋಡತೊಡಗಿದರು. ಜನ ಅದನ್ನು ತಪ್ಪು ತಿಳಿದರು. ಯಾರಿಗೂ ತಲೆಬಾಗದ ಮನುಷ್ಯ ಈಗ ಕಂಡಕಂಡವರಿಗೆಲ್ಲ ಬಾಗುತ್ತಿದ್ದಾರೆ ಎಂದು ಮೆಟ್ಟಿಲ ಮೇಲೆಲ್ಲ ಮಾತಾಯಿತು. ಪೇಪರಿನವನು ತನ್ನ ಕಾಲಿನ ಮಟ್ಟಕ್ಕೆ ಬಗ್ಗಿದ ಸಾಹೇಬರನ್ನು ನೋಡಿ ಕಣ್ಣೊರೆಸಿಕೊಂಡನಂತೆ.

ಒಂದು ದಿನ ಹೊದಿಕೆಯನ್ನು ಬಿಸಿಲಿಗೆ ಹಾಕಬೇಕೆಂದು ಬಾಲ್ಕನಿಯಿಂದ ಕೆಳಗೆ ಇಳಿಬಿಟ್ಟರು. ಅದು ನೆಲಮಹಡಿಯ ಹಲ್ಲಿನ ಡಾಕ್ಟರ ಬೋರ್ಡನ್ನು ಪೂರ್ತಿ ಮುಚ್ಚಿ, ಬೀದಿಯವರೆಗೂ ಹೋಯಿತು. ಹಲ್ಲುನೋವಿನವರು ಬಾಗಿಲು ಸಿಗದೆ ದವಡೆ ಹಿಡಿದುಕೊಂಡು ಅತ್ತಿಂದಿತ್ತ ಅಲೆದರು. ಡಾಕ್ಟರು ನಗರಸಭೆಗೆ ದೂರು ಕೊಟ್ಟರು. ನಗರಸಭೆಯಿಂದ ಒಬ್ಬ ಇನ್ಸ್‌ಪೆಕ್ಟರು ಉಣ್ಣೆ ಟೋಪಿ ಹಾಕಿಕೊಂಡು, ಅಳತೆಟೇಪು ಹಿಡಿದು, ಹುಬ್ಬು ಗಂಟಿಕ್ಕಿಕೊಂಡೇ ಬಂದರು.

ಬಂದವರು ಮೊದಲು ಹೊದಿಕೆಯನ್ನು ಮುಟ್ಟಿದರು. ಆಮೇಲೆ ಎರಡೂ ಕೈಯಲ್ಲಿ ಮುಟ್ಟಿದರು. ಆಮೇಲೆ ಅಳೆಯುತ್ತ ಮೆಟ್ಟಿಲು ಹತ್ತಿ, ಹಜಾರದಲ್ಲಿ ಸುರುಳಿ ಸುತ್ತಿದ್ದ ಭಾಗದ ಮುಂದೆ ಟೇಪು ಕೆಳಗಿಟ್ಟರು.

"ಟೇಪು ಮುಗೀತು. ಹೊದಿಕೆ ಮುಗೀಲಿಲ್ಲ" ಎಂದು ಮೆಲ್ಲಗೆ ಹೇಳಿದರು. "ಸಾರ್, ಇದು ಯಾವಾಗ ಮುಗಿಯುತ್ತೆ?"

ಸಾಹೇಬರು ಕಡ್ಡಿ ನಿಲ್ಲಿಸದೆ ನಿಟ್ಟುಸಿರು ಬಿಟ್ಟರು. "ಶುರು ಮಾಡೋದು ನನ್ನ ಕೈಲಿತ್ತು. ಮುಗಿಸೋದು ನನ್ನ ಕೈಲಿಲ್ಲ."

ಅವರು ಹೇಳಿದ್ದು ಅಪ್ಪಟ ಸತ್ಯ. ಆದರೆ ಇನ್ಸ್‌ಪೆಕ್ಟರ ಮುಖ ಬಿಳುಪೇರಿತು. ಬಾಗಿಲಲ್ಲಿ ನಿಂತಿದ್ದ ಹಲ್ಲಿನ ಡಾಕ್ಟರೂ ಬಾಯಿ ಕಳೆದು ನಿಂತರು. ಬೇರೆಯವರ ಬಾಯಿ ತೆಗೆಸುವುದೇ ಕಸುಬಾದ ಮನುಷ್ಯ. ಅಷ್ಟರಲ್ಲಿ ಸಾಹೇಬರ ಕಣ್ಣು ಇನ್ಸ್‌ಪೆಕ್ಟರ ಟೋಪಿಯ ಅಂಚಿನ ಮೇಲೆ ಬಿತ್ತು. ಅವರು ಕೈಚಾಚಿ ಅದನ್ನು ಹಿಡಿದು, ಹೆಬ್ಬೆರಳಲ್ಲಿ ಸವರುತ್ತ ಒಂದು ಗಳಿಗೆ ಕಣ್ಣು ಕಿರಿದು ಮಾಡಿದರು. ತಲೆಯ ಮೇಲೆ ಹಿರಿಯರ ಕೈ ಬಿತ್ತೆಂದು ಇನ್ಸ್‌ಪೆಕ್ಟರು ಕಣ್ಮುಚ್ಚಿಕೊಂಡರು. ಹೋಗುವಾಗ ಡಾಕ್ಟರಿಗೆ, "ನಿಮ್ಮ ಬೋರ್ಡನ್ನ ಸ್ವಲ್ಪ ಪಕ್ಕಕ್ಕೆ ಸರಿಸ್ಕೊಳ್ಳಿ" ಎಂದು ಆದೇಶ ಮಾಡಿ ಹೋದರು. ಡಾಕ್ಟರು ಚಕಾರ ಎತ್ತದೆ ಸರಿಸಿಕೊಂಡರು.

ಆಮೇಲೆ ಜನ ನೋಡಲು ಬರತೊಡಗಿದರು. ಬಂದವರು ಚಪ್ಪಲಿ ಹೊರಗೆ ಬಿಟ್ಟು, ಪಿಸುಮಾತಿನಲ್ಲಿ ಮಾತಾಡಿ, ಹೊದಿಕೆಯ ಪಕ್ಕದಲ್ಲೇ ನಡೆದು ಹೋಗುತ್ತಿದ್ದರು. ನನ್ನ ಕಥೆಯೂ ಅದೇ. ಗುಟ್ಟು ತಿಳಿದವನು ನಾನು. ಇದು ಬರೀ ಮುಗಿಸಲು ಬಾರದವನ ಕೆಲಸ ಎಂದು ಗೊತ್ತಿದ್ದವನು ನಾನು. ಆದರೂ ಸಂಜೆಯ ಬೆಳಕಲ್ಲಿ ಆ ಬಣ್ಣಗಳ ದಾರಿ ಹಜಾರದುದ್ದಕ್ಕೂ ಬಿದ್ದಿರುವುದನ್ನು ನೋಡಿದರೆ ಮೈ ಜುಮ್ಮೆನ್ನುತ್ತಿತ್ತು. ಎರಡು ಕೈಗಳಿಂದ ಇಷ್ಟೊಂದು ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ಅಕ್ಕ ಮಾತ್ರ ಬಂದವರಿಗೆಲ್ಲ ಕಾಫಿ ಕೊಟ್ಟು, ಕಿಟಕಿಯಾಚೆ ನೋಡುತ್ತಿದ್ದರು.

ಮಗಳ ಅತ್ತೆ, ಅಂದರೆ ಸಾಹೇಬರ ಬೀಗಿತ್ತಿ, ಬಂದದ್ದು ಆಗಲೇ. ಆಕೆ ದೊಡ್ಡ ಅಂಗಡಿಯಿಂದ ಮಗುವಿಗೆಂದು ರೇಷ್ಮೆಯಂಥ ಹೊದಿಕೆಯೊಂದನ್ನು ಕೊಂಡಿದ್ದರು. ಅದನ್ನು ತೋರಿಸಿ ಹೋಗಲೆಂದೇ ಚೀಲ ಹಿಡಿದು ಬಂದಿದ್ದರು. ಹಜಾರದೊಳಗೆ ಕಾಲಿಟ್ಟವರು ಹಾಗೇ ನಿಂತುಬಿಟ್ಟರು.

"ಬೀಗರೇ, ಇದೆಲ್ಲ ನಮ್ಮ ಒಂದು ಕೂಸಿಗಾ?"

"ಹ್ಞೂಂ" ಎಂದರು ಸಾಹೇಬರು, ಬೇರೆ ದಾರಿ ಕಾಣದೆ.

"ಇಷ್ಟೊಂದು ಪ್ರೀತಿಯಾ!" ಬೀಗಿತ್ತಿ ಚೀಲವನ್ನು ಸೆರಗಿನ ಹಿಂದೆ ಅಡಗಿಸಿಕೊಂಡರು. "ನಾನು ತಂದಿದ್ದನ್ನ ಇವತ್ತೇ ಅಂಗಡಿಗೆ ವಾಪಸ್ ಕೊಡ್ತೀನಿ. ಮಗು ಮನೆಗೆ ಬರೋದು ನಿಮ್ಮ ಕೈಯಿಂದಾದ ಇದರಲ್ಲೇ. ಮುಗಿಸಿಕೊಡಿ, ಅಷ್ಟು ಸಾಕು."

'ಮುಗಿಸಿಕೊಡಿ' ಎಂಬ ಮಾತು ಕೇಳಿ ಸಾಹೇಬರ ಕೈಯಿಂದ ಒಂದು ಕಡ್ಡಿ ಜಾರಿತು. ಈಗ ಮೊಮ್ಮಗುವಿಗೆ ಬೇರೆ ಹೊದಿಕೆಯೇ ಇರಲಿಲ್ಲ.

ಮಗು ಡಾಕ್ಟರು ಹೇಳಿದ ದಿನಕ್ಕಿಂತ ಮೊದಲೇ ಹುಟ್ಟಿತು. ಹೆಣ್ಣು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ, ನಾಳೆ ಬೆಳಗ್ಗೆ ಮನೆಗೆ ಕರಕೊಂಡು ಹೋಗಬಹುದು ಎಂದು ಅಳಿಯ ಫೋನು ಮಾಡಿದ. ಮರುದಿನ ನಮ್ಮ ಕಟ್ಟಡದಿಂದ ಹೊರಟದ್ದು ಒಂದು ಮೆರವಣಿಗೆಯೇ. ಹೊದಿಕೆಯನ್ನು ರತ್ನಗಂಬಳಿಯಂತೆ ಸುತ್ತಿ ಒಂದು ಕಡೆ ನಾನು, ಇನ್ನೊಂದು ಕಡೆ ಹಲ್ಲಿನ ಡಾಕ್ಟರು ಹೆಗಲು ಕೊಟ್ಟೆವು. ಹಿಂದೆ ಕಡ್ಡಿ ಹಿಡಿದು ಹೆಣೆಯುತ್ತಲೇ ಸಾಹೇಬರು. ಅವರ ಹಿಂದೆ ಉಲ್ಲನ್ ಬುಟ್ಟಿ ಹೊತ್ತು ಮೌನವಾಗಿ ಅಕ್ಕ.

ಆಸ್ಪತ್ರೆಯ ಹಿರಿಯ ನರ್ಸಮ್ಮ ನಮ್ಮನ್ನು ತಡೆದರು. "ಇದೇನ್ರೀ, ಕಾರ್ಪೆಟ್ ಹಾಕೋರಾ? ಕಾರ್ಪೆಟ್ ಮೇಲಿನ ಮಹಡಿಗೆ."

"ಮಗುವಿನ ಹೊದಿಕೆ ಅಮ್ಮ" ಎಂದೆ.

ಆಕೆ ಸುರುಳಿಯನ್ನು ನೋಡಿದರು, ನನ್ನನ್ನು ನೋಡಿದರು, ಸುರುಳಿಯನ್ನು ಇನ್ನೊಮ್ಮೆ ನೋಡಿದರು. "ಎಷ್ಟು ಮಕ್ಕಳು?"

"ಒಂದೇ."

ಅಲ್ಲಿಗೆ ಆಕೆಯೂ ದಾರಿಬಿಟ್ಟರು. ಸುರುಳಿ ಬಿಚ್ಚಿದೆವು. ಮೊದಲ ತುದಿ ಮಗಳ ಕೋಣೆಯೊಳಗೆ ಹೋಯಿತು. ಬೀಗಿತ್ತಿ ಅದರಲ್ಲಿ ಮಗುವನ್ನು ಮುಚ್ಚಟೆಯಾಗಿ ಸುತ್ತಿದರು. ಉಳಿದದ್ದು ಬಾಗಿಲು ದಾಟಿ, ಉದ್ದನೆಯ ಓಣಿಯಲ್ಲಿ ಸಾಗಿ, ಮೂಲೆ ತಿರುಗಿ, ಬೆಂಚಿನ ಮೇಲೆ ಕೂತ ಸಾಹೇಬರ ಕಡ್ಡಿಯಲ್ಲಿ ಬಂದು ನಿಂತಿತು. ವಾರ್ಡುಗಳ ಬಾಗಿಲು ತೆರೆದವು. ರೋಗಿಗಳು, ರೋಗಿಗಳ ನೆಂಟರು, ಔಷಧಿ ಗಾಡಿ ತಳ್ಳುವವನು, ಎಲ್ಲರೂ ಗೋಡೆಗೆ ಒತ್ತಿ ನಿಂತು ನೋಡಿದರು.

ಒಳಗಿಂದ ಮಗಳ ದನಿ ಕೇಳಿತು. ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯಲಿಲ್ಲ. "ಅಪ್ಪಾ, ಸಾಕು ಮುಗಿಸಪ್ಪಾ. ಮಗು ಮನೆಗೆ ಹೋಗ್ಬೇಕು."

ಸಾಹೇಬರ ಕಡ್ಡಿ ನಿಂತಿತು. ಓಣಿಯ ತುಂಬ ಜನ. ಎಲ್ಲರ ಕಣ್ಣಲ್ಲೂ ಬೆರಗು. ಅಷ್ಟೊಂದು ಬೆರಗಿನ ನಡುವೆ ಸಾಹೇಬರೊಬ್ಬರೇ ನೆಲ ನೋಡುತ್ತ ಕೂತಿದ್ದರು. ಕೊನೆಗೆ ಪಕ್ಕದಲ್ಲಿದ್ದ ಅಕ್ಕನ ಕಡೆ ತಿರುಗಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದರು:

"ನನಗೆ ಮುಗಿಸೋಕೆ ಬರಲ್ಲ ಕಣೇ. ಮೊದಲಿಂದಾನೂ ಬರ್ತಿರ್ಲಿಲ್ಲ. ನೀನು ಹೇಗೆ ಮಾಡ್ತಿದ್ದೆಯೋ, ನನ್ನ ಕಣ್ಣಿಗೆ ಒಂದು ದಿನಾನೂ ಬೀಳಲಿಲ್ಲ."

ಅಕ್ಕ ಮಾತಾಡಲಿಲ್ಲ. ಇನ್ನೂ ಮುಗಿದಿರಲಿಲ್ಲವಲ್ಲ. ಬುಟ್ಟಿ ಕೆಳಗಿಟ್ಟು, ಬೆಂಚಿನ ಮೇಲೆ ಅವರಿಗೆ ಒತ್ತಿ ಕೂತು, ಊದಿದ ಬೆರಳುಗಳನ್ನು ಅವರ ಬೆರಳುಗಳ ಮೇಲಿಟ್ಟರು. ಎರಡು ಕುಣಿಕೆ ಹೆಣೆಸಿದರು. ಮೊದಲನೆಯದನ್ನು ಎತ್ತಿ ಎರಡನೆಯದರ ತಲೆಯ ಮೇಲಿಂದ ದಾಟಿಸಿದರು. ಒಂದು ಕುಣಿಕೆ ಕಡ್ಡಿ ಬಿಟ್ಟಿತು, ಬಿಚ್ಚಲಿಲ್ಲ. ಇನ್ನೊಂದು ಹೆಣೆಸಿದರು, ಮತ್ತೆ ದಾಟಿಸಿದರು. ಬಾಯಿಬಿಟ್ಟು ನಿಲ್ಲುತ್ತಿದ್ದ ಕುಣಿಕೆಗಳು ಒಂದರ ಪಕ್ಕ ಒಂದು ಜಡೆಯ ಹಾಗೆ ಮಲಗಿದವು. ಸಾಹೇಬರು ಉಸಿರು ಹಿಡಿದು ನೋಡುತ್ತಿದ್ದರು. ಸಮುದ್ರದ ಮುಂದೆ ತೆರೆಯದಿದ್ದ ಅವರ ಕಣ್ಣು ಒಂದು ಗೇಣು ಅಂಚಿನ ಮುಂದೆ ಅರಳಿಕೊಂಡಿತ್ತು. ಕೊನೆಯ ಕುಣಿಕೆಯೊಳಗಿಂದ ದಾರದ ತುದಿ ಎಳೆದು ಬಿಗಿದಾಗ ಕಡ್ಡಿಗಳು ಎರಡೂ ಬರಿದಾಗಿ ಅವರ ಮಡಿಲಲ್ಲಿ ಬಿದ್ದವು.

ಅಕ್ಕ ಎದ್ದು ನಿಂತರು. ಗಂಟಲು ಸರಿಮಾಡಿಕೊಂಡರು. ನಾನು ಸಾಕ್ಷಿಯಾಗಿ ಹೇಳುತ್ತೇನೆ, ಮಾತು ತಪ್ಪಲಿಲ್ಲ ಆಕೆ.

"ಇಲ್ಲಿ ನೋಡಿ" ಎಂದು ಹೊದಿಕೆಯ ಪಕ್ಕದಲ್ಲೇ ನಡೆಯತೊಡಗಿದರು. "ಇಲ್ಲಿ ದಾರ ಬಿಗಿ ಹಿಡಿದಿದೀರಿ. ಬೀಗಿತ್ತಿ ಬಂದ ದಿನ."

"ಹೌದು" ಎಂದರು ಹಿಂದೆ ಹಿಂದೆ ಹೋಗುತ್ತಿದ್ದ ಸಾಹೇಬರು.

"ಇಲ್ಲಿ ಅಗಲ ಜಾಸ್ತಿ ಆಗಿದೆ. ಇಲ್ಲದ ಕುಣಿಕೆ ಎಲ್ಲಿಂದ ಬಂತು?"

"ಗೊತ್ತಿಲ್ಲ ಕಣೇ."

"ಈ ಹಳದಿ ಈ ಹಸಿರಿಗೆ ಹೊಂದಲ್ಲ. ಇಲ್ಲಿ ಯಾರ ಜೊತೇಲೋ ಮಾತಾಡ್ತಿದ್ರಿ. ಇದು ನಿಮ್ಮ ಅಂಗಿ ಗುಂಡಿ."

ಮೂಲೆ ತಿರುಗಿತು, ಓಣಿ ಕಳೆಯಿತು. ತಿಂಗಳುಗಟ್ಟಲೆ ಕಿಟಕಿಯಾಚೆ ನೋಡಿ ನುಂಗಿಕೊಂಡದ್ದು ಒಂದೊಂದಾಗಿ ಹೊರಗೆ ಬಂತು. ನಾವೆಲ್ಲ ನಾವೇ ತಪ್ಪು ಮಾಡಿದವರಂತೆ ತಲೆಯಾಡಿಸುತ್ತ ಅವರ ಹಿಂದೆ ನಡೆದೆವು. ಕೊನೆಗೆ ಕೋಣೆಯೊಳಗೆ, ಮಗಳ ಮಂಚದ ಹತ್ತಿರ ಬಂದು ಅಕ್ಕ ನಿಂತರು.

"ಇದು ಮೊದಲನೇ ಸಾಲು. ಆವತ್ತೇ ಹೇಳೋಣ ಅಂತಿದ್ದೆ. ಇಲ್ಲೊಂದು ಕುಣಿಕೆ ಬಿಟ್ಟಿದೀರಿ, ಅದಕ್ಕೇ ಈ ತೂತು..."

ಅಲ್ಲಿಗೆ ಆಕೆಯ ಮಾತು ನಿಂತಿತು. ಆ ತೂತಿನಿಂದ ಮಗುವಿನ ಕಾಲಿನ ಕಿರುಬೆರಳೊಂದು ಹೊರಗೆ ಬಂದಿತ್ತು. ಗೋಧಿಕಾಳಿನಷ್ಟು ಉಗುರು, ಅದೂ ಪೂರ್ತಿ ಬೆಳೆದಿರಲಿಲ್ಲ. ನಾವು ನೋಡುತ್ತಿದ್ದ ಹಾಗೇ ಅದು ಒಂದು ಸಲ ಮಡಚಿಕೊಂಡು, ಮತ್ತೆ ಬಿಚ್ಚಿಕೊಂಡಿತು.

ಸಾಹೇಬರು ಮಂಡಿಯೂರಿ ಕೂತರು. ಬಹಳ ಹೊತ್ತು ನೋಡಿದರು.

"ಇದನ್ನ ಸರಿ ಮಾಡೋದು ಹೇಗೆ?" ಎಂದು ಅಕ್ಕನನ್ನು ಕೇಳಿದರು.

ಅಕ್ಕನೂ ಅವರ ಪಕ್ಕ ಮಂಡಿಯೂರಿದರು. "ಇದನ್ನ ಸರಿ ಮಾಡಲ್ಲ" ಎಂದರು.